ಹಗೇವಿಗೆ ಇಳಿದವಳು ನಾನು

ನಮ್ಮ ಮನೆಗೆ ನೆಲದ ಮೇಲೆ ಮೂರು ಕೋಣೆ, ನೆಲದ ಕೆಳಗೆ ಒಂದು. ಮೇಲಿನ ಮೂರರಲ್ಲಿ ಯಾರು ಬೇಕಾದರೂ ಓಡಾಡುತ್ತಿದ್ದರು. ಕೆಳಗಿನದಕ್ಕೆ ಇಳಿಯುತ್ತಿದ್ದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ನನ್ನ ಅಕ್ಕ ಶಾಂತಮ್ಮ ಶಾಲೆಯ ಹುಡುಗರಿಗೆ ಬೇರೆಯೇ ಹೇಳಿಬಿಟ್ಟಿದ್ದಾಳೆ.

ಆ ಮನೆ ಈಗ ನೀರಿನಲ್ಲಿದೆ. ನಾರಾಯಣಪುರದಲ್ಲಿ ಡ್ಯಾಮು ಕಟ್ಟಿದ ಮೇಲೆ ಕೃಷ್ಣೆಯ ದಂಡೆಗಿದ್ದ ನಮ್ಮ ಹಳೆಯ ಊರು ಮುಳುಗಿತು. ಊರನ್ನು ಎತ್ತಿ ಮೇಲಿನ ದಿನ್ನೆಗೆ ತಂದು, ಗೆರೆ ಹೊಡೆದ ಹಾಗೆ ಓಣಿ ಹಾಕಿ ಕೂರಿಸಿದರು. ಅದಕ್ಕೆ ನಾನು ಅಳುವವಳಲ್ಲ. ಆ ಮನೆಯ ಮಣ್ಣಿನ ಮಾಳಿಗೆ ಮಳೆ ಬಂದರೆ ಸೋರುತ್ತಿತ್ತು, ಬೇಸಿಗೆ ಬಂದರೆ ಚೇಳು ಉದುರಿಸುತ್ತಿತ್ತು. ಮುಂದಿನ ಕೋಣೆಯಲ್ಲಿ ಎರಡು ಎತ್ತು, ಒಂದು ಎಮ್ಮೆ. ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆ ಮನೆ. ಮೇಲಿನ ಬೆಳಕಿಂಡಿಯಿಂದ ಒಂದು ತಟ್ಟೆಯಷ್ಟು ಬಿಸಿಲು ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಅಕ್ಕನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಗೋಡೆಯ ಆ ಕಡೆ ಬೀಸುವ ಕಲ್ಲಿನ ಮುಂದೆ. ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ದೊಡ್ಡವಳು ಬೀಸಬೇಕು, ಸಣ್ಣವಳು ಎಣ್ಣೆ ಹಚ್ಚಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ತಿರುವುಮುರುವು. ಅಕ್ಕನ ಕೈ ಎಳೆಯದಂತೆ, ನನ್ನದು ಗಟ್ಟಿಯಂತೆ. ಅಕ್ಕ ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದಳು. ನನ್ನನ್ನು ಶಾಲೆಯ ಕಟ್ಟೆಗೆ ಕಾಲಿಡಲೂ ಬಿಡಲಿಲ್ಲ. ಅವಳು ಪಾಟಿಯ ಮೇಲೆ ಬರೆದು ಮಲಗಿದ ಮೇಲೆ ನಾನು ಒಲೆಯ ಮುಂದಿನ ಬೂದಿಯಲ್ಲಿ ಅದನ್ನೇ ನೋಡಿ ಗೀಚುತ್ತಿದ್ದೆ. ಊರು ಮೇಲೆ ಬಂದ ನಂತರ ದೊಡ್ಡವರಿಗೆ ಅಕ್ಷರ ಕಲಿಸಲು ಬಂದವರು ಉಳಿದದ್ದನ್ನು ತಿದ್ದಿದರು. ಹಾಗೆ ಬಂದ ಅಕ್ಷರ ಇವು. ಒತ್ತು ಬಂದಲ್ಲಿ ಮೊಮ್ಮಗಳನ್ನು ಕೇಳಿ ಬರೆಯುತ್ತೇನೆ.

ಎಣ್ಣೆ ಹಚ್ಚುತ್ತ ಆಯಿ ಅಕ್ಕನಿಗೆ ಊರಿನ ಕಥೆ ಹೇಳುತ್ತಿದ್ದಳು. ಯಾರು ಮೊದಲು ಬಂದರು, ಯಾವ ಬಾವಿಯನ್ನು ಯಾರು ತೋಡಿದರು, ಯಾವ ಓಣಿಗೆ ಯಾಕೆ ಆ ಹೆಸರು ಬಂತು, ಎಲ್ಲ. ಮೊದಲು ಬಂದವರು ಮನೆ ಕಟ್ಟಲಿಲ್ಲವಂತೆ. ಒಂದು ಗಡಿಗೆ ಜೋಳವನ್ನು ನೆಲದಲ್ಲಿ ಹೂತು, ಒಂದು ಮಳೆಗಾಲ ಗುಡಿಸಲಲ್ಲಿ ಕಾದರಂತೆ. ಮಳೆ ಮುಗಿದು ಗಡಿಗೆ ತೆಗೆದಾಗ ಜೋಳ ಒಣಗಿದ್ದರೆ ಅಲ್ಲಿ ಊರು, ಬೂಸು ಹಿಡಿದಿದ್ದರೆ ಗಂಟು ಕಟ್ಟಿಕೊಂಡು ಮುಂದೆ. ಮೂರು ಕಡೆ ಬೂಸು ಹಿಡಿಯಿತಂತೆ. ನಾಲ್ಕನೆಯ ಕಡೆ ಏನಾಯಿತು ಎಂಬುದು ನನಗೆ ಕೇಳುತ್ತಿರಲಿಲ್ಲ. ಕಲ್ಲಿನ ಸದ್ದು. ಕೇಳಲೆಂದು ಕೈ ನಿಲ್ಲಿಸಿದರೆ ಆಯಿಯ ದನಿ ಬರುತ್ತಿತ್ತು.

“ಕಲ್ಲ್ಯಾಕ ನಿಂತ್ತಲೇ ಹಣಮಿ? ಸತ್ತಿ ಏನ?”

“ಇಲ್ಲಬೇ, ಜೋಳ ಹಾಕಾಕತ್ತೇನಿ.”

ಹೀಗಾಗಿ ನಮ್ಮೂರಿನ ಕಥೆ ಅಕ್ಕನಿಗೆ ಇಡಿಯಾಗಿ ಬಂತು. ನನಗೆ ತೂತು ತೂತಾಗಿ ಬಂತು. ಇವತ್ತಿಗೂ ಹಾಗೇ ಇದೆ.

ನನ್ನ ಪಾಲಿಗೆ ಬಂದದ್ದು ಹಗೇವು. ಈಗಿನ ಹುಡುಗರಿಗೆ ಗೊತ್ತಿಲ್ಲ, ಹೇಳುತ್ತೇನೆ. ಹಗೇವು ಎಂದರೆ ಜೋಳ ಇಡುವ ನೆಲದೊಳಗಿನ ಗುಂಡಿ. ಗಡಿಗೆಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಕಣಕಿ, ಅಂದರೆ ಜೋಳದ ಒಣ ದಂಟು, ಹೊದಿಸಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತುತ್ತಿದ್ದರು. ನಮ್ಮದು ಮನೆಯ ಮುಂದೆ, ದನದ ಬಾಗಿಲಿನಿಂದ ಹನ್ನೆರಡು ಹೆಜ್ಜೆಗೆ ಇತ್ತು. ಮನೆಯ ಜೋಳ ಮುಗಿದಾಗ ತೆರೆಯಬೇಕು. ತೆರೆದ ಕೂಡಲೇ ಇಳಿಯಬಾರದು. ಮುಚ್ಚಿದ ಗಾಳಿ ಒಳಗೆ ಕುದ್ದಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ಸದ್ದಿಲ್ಲ. ಇಳಿದವನು ಕೂಗುವ ಮೊದಲೇ ಮಲಗಿಬಿಡುತ್ತಾನೆ. ಅದಕ್ಕೇ ಮುಂಜಾನೆ ಕಲ್ಲು ಸರಿಸಿ, ಅರಿಸಿನ ಕುಂಕುಮ ಹಾಕಿ, ಮಧ್ಯಾಹ್ನದವರೆಗೆ ಬಿಡುತ್ತಿದ್ದರು. ಆಮೇಲೆ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಡುವುದು. ನಡುಹಗಲಿನ ಬಿಸಿಲಲ್ಲಿ ನಿಂತವರಿಗೆ ಒಳಗಿನದು ಏನೂ ಕಾಣದು. ಒಬ್ಬರು ಬೋರಲು ಮಲಗಿ, ತಲೆಯ ಮೇಲೆ ಕಂಬಳಿ ಹೊದ್ದು, ಬಾಯೊಳಗೆ ಮುಖ ಇಟ್ಟು ನೋಡಬೇಕು. ದೀಪ ಉರಿಯುತ್ತಿದ್ದರೆ “ಐತಿ” ಅನ್ನಬೇಕು. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿದ ಸಣ್ಣ ಮೈಯವರು ಇಳಿಯಬೇಕು. ನೋಡುವವಳು ಅಕ್ಕ, ಇಳಿಯುವವಳು ನಾನು, ಹಗ್ಗ ಹಿಡಿಯುವವನು ಅಪ್ಪ.

ಒಳಗೆ ಸೆಕೆ. ಹೆಂಡದಂಥ ಹುಳಿ ವಾಸನೆ. ಜೋಳದ ಮೇಲೆ ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತಿತ್ತು. ಬುಟ್ಟಿ ತುಂಬಿ ಹಗ್ಗ ಜಗ್ಗಿದರೆ ಅಪ್ಪ ಮೇಲೆ ಎಳೆಯುತ್ತಿದ್ದ. ಮೈಯೆಲ್ಲ ಎದ್ದ ತುರಿಕೆ ಎರಡು ದಿನ ಹೋಗುತ್ತಿರಲಿಲ್ಲ. ಆದರೂ ನಾನು ಹಗೇವು ತೆರೆಯುವ ದಿನವನ್ನೇ ಕಾಯುತ್ತಿದ್ದೆ. ಯಾಕೆಂದರೆ ಇಳಿದವರಿಗೆ ಒಂದು ರೊಟ್ಟಿ ಇತ್ತು. ಹಗೇವಿನಿಂದ ತೆಗೆದ ಜೋಳ ಬೀಸಿ ಬಡಿದ ಮೊದಲ ರೊಟ್ಟಿ ಇಳಿದವರದು. ಮೇಲೆ ತುಪ್ಪ, ಬೆಲ್ಲ. ಅಪ್ಪನಿಗಿಂತ ಮೊದಲು, ಆಯಿಗಿಂತ ಮೊದಲು, ಅಕ್ಕನಿಗಿಂತ ಮೊದಲು. ಬಾಕಿ ದಿನ ಗಂಡಸರು ತಿಂದು, ಆಯಿ ತಿಂದು, ಅಕ್ಕ ತಿಂದು ಉಳಿದ ತಣ್ಣನೆ ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಂಡು ನಾನೂ ಅವ್ವನೂ ತಿನ್ನುತ್ತಿದ್ದೆವು. ಆ ಒಂದು ದಿನ ಅಪ್ಪ ತಟ್ಟೆಯ ಮುಂದೆ ಕೂತು ನನ್ನ ಬಾಯಿ ನೋಡುತ್ತ ಕಾಯಬೇಕಾಗಿತ್ತು. ನಾನು ಬೇಕೆಂದೇ ನಿಧಾನ ತಿನ್ನುತ್ತಿದ್ದೆ.

ಅಕ್ಕನಿಗೆ ಪಾಟಿ ಇತ್ತು, ಕಥೆ ಇತ್ತು, ಎಣ್ಣೆ ಇತ್ತು. ನನಗೆ ರೊಟ್ಟಿ ಇತ್ತು. ಒಂದು ಸಲ ಅವಳು ಅದನ್ನೂ ಕೇಳಿದಳು. ನನಗೆ ಆಗ ಒಂಬತ್ತೋ ಹತ್ತೋ. ಹಗೇವಿನ ಜೋಳ ತಳಕ್ಕೆ ಹೋಗಿತ್ತು. ಕಂದೀಲು ಹಚ್ಚುವ ಹೊತ್ತಿಗೆ ಅಕ್ಕ ಆಯಿಯ ಸೆರಗು ಹಿಡಿದಳು.

“ಆಯಿ, ಇವತ್ತ ನಾ ಇಳೀತೀನಿ.”

“ನಿನಗ್ಯಾಕಬೇ ಆ ಧೂಳು? ಹಣಮಿ ಅದಾಳಲ್ಲ.”

“ಯಾವಾಗಲೂ ಆಕೀನ ತಿಂತಾಳ ಬೆಲ್ಲದ ರೊಟ್ಟಿ. ನಾ ಒಂದ್ ಸಲ ತಿನ್ನಬಾರದೇನ?”

ಆಯಿ ಅಕ್ಕನಿಗೆ ಯಾವುದಕ್ಕೂ ಇಲ್ಲ ಅಂದವಳಲ್ಲ.

“ಹೋಗ್ಲಿ ಬಿಡು, ಒಂದ್ ಸಲ. ಹಣಮಿ, ನೀ ದೀಪ ನೋಡು.”

ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಅಕ್ಕನ ಸೊಂಟಕ್ಕೆ ಹಗ್ಗ ಕಟ್ಟಿದ. ನಾನು ಬೋರಲು ಮಲಗಿ ಕಂಬಳಿ ಹೊದ್ದೆ. ಕಂದೀಲು ಇಳಿಯಿತು. ಅರ್ಧದವರೆಗೆ ನೆಟ್ಟಗೆ ಉರಿಯಿತು. ಇನ್ನೂ ಕೆಳಗೆ ಹೋದಂತೆ ಸಣ್ಣದಾಯಿತು, ನೀಲಿಯಾಯಿತು, ಯಾರೋ ನುಂಗಿದ ಹಾಗೆ ಹೋಯಿತು. ನಾನು ನೋಡುತ್ತಲೇ ಇದ್ದೆ. ಕತ್ತಲಲ್ಲಿ ನನಗೆ ಕಂಡದ್ದು ತಟ್ಟೆ, ತಟ್ಟೆಯ ಮೇಲಿನ ರೊಟ್ಟಿ, ಅದರ ಮುಂದೆ ಕೂತ ಅಕ್ಕ.

“ಹಣಮಿ, ದೀಪ ಐತೇನ?” ಅಪ್ಪ ಕೇಳಿದ.

“ಐತಿ,” ಅಂದೆ.

ಸಣ್ಣ ಹುಡುಗಿ, ತಿಳಿಯದೆ ಅಂದಳು ಎಂದು ಓದುವವರು ನನ್ನ ಪರವಾಗಿ ಮಾತಾಡುವುದು ಬೇಡ. ದೀಪ ಆರಿದರೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಇಳಿಯುತ್ತಿದ್ದವಳು ನಾನಲ್ಲವೇ? ಅಕ್ಕ ಇಳಿದಳು. ಹಗ್ಗ ಸಡಿಲಾಯಿತು. ಅಪ್ಪ ಒಂದು ಸಲ ಕರೆದ, ಎರಡು ಸಲ ಕರೆದ. ಮೂರನೆಯ ಸಲ ಕರೆಯದೆ ಎಳೆದ. ಅಕ್ಕ ತೊಯ್ದ ಚೀಲದ ಹಾಗೆ ಮೇಲೆ ಬಂದಳು. ಅವ್ವ ಕೆನ್ನೆಗೆ ಬಡಿದಳು, ಆಯಿ ಸೆರಗಿನಿಂದ ಗಾಳಿ ಹಾಕುತ್ತ ಎಲ್ಲ ದೇವರ ಹೆಸರು ಹೇಳಿದಳು. ಬಹಳ ಹೊತ್ತಿನ ಮೇಲೆ ಅಕ್ಕ ವಾಂತಿ ಮಾಡಿದಳು, ಕಣ್ಣು ಬಿಟ್ಟಳು. ಕಂದೀಲು ಎಳೆದು ನೋಡಿದರೆ ಆರಿತ್ತು.

“ಇಳಿಯಾಗ ಕಾಲ ತಾಗಿರಬೇಕು,” ಅಪ್ಪ ಅಂದ.

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮಾರನೆಯ ದಿನ ಮತ್ತೆ ಕಂದೀಲು ಇಳಿಸಿದರು. ಅಕ್ಕ ತಲೆನೋವಿನಲ್ಲೇ ಬಂದು ಬೋರಲು ಮಲಗಿ ನೋಡಿದಳು. “ಐತಿ” ಅಂದಳು. ನಾನು ಇಳಿದೆ. ಅಂದು ಮೊದಲ ಸಲ ಹೆದರಿದೆ. ಅಲ್ಲಿಯವರೆಗೆ ಅವಳ “ಐತಿ”ಯ ಮೇಲೆ ಕಣ್ಣು ಮುಚ್ಚಿ ಇಳಿದವಳು, ಅಂದಿನಿಂದ ಕಾಲಿಗಿಂತ ಮೊದಲು ಮೂಗು ಇಳಿಸಿದೆ. ಯಾರ ಮಾತನ್ನೂ ಇಡಿಯಾಗಿ ನಂಬದ ಹೆಂಗಸು ಎಂದು ನನಗೆ ಊರಲ್ಲಿ ಹೆಸರಿದೆ. ಆ ಹೆಸರು ಬಂದದ್ದು ಬೇರೆಯವರ ಸುಳ್ಳಿನಿಂದಲ್ಲ. ಒಂದು ಮಾತು ಎಷ್ಟು ಸುಲಭವಾಗಿ ಬಾಯಿಂದ ಬೀಳುತ್ತದೆ ಎಂಬುದು ನನ್ನ ಬಾಯಿಂದಲೇ ಕಲಿತದ್ದು.

ಮೈ ಬೆಳೆದು ಹಗೇವಿನ ಬಾಯಿಯಲ್ಲಿ ಹಿಡಿಸದಂತಾಗುವವರೆಗೆ ಇಳಿದೆ. ಆಮೇಲೆ ಇಬ್ಬರಿಗೂ ಅದೇ ಊರಲ್ಲೇ ಮದುವೆಯಾಯಿತು. ಊರು ಮೇಲೆ ಬಂದಾಗ ಇಬ್ಬರ ಮನೆಗಳೂ ಒಂದೇ ಓಣಿಗೆ ಬಂದವು. ಅಕ್ಕನ ಮನೆ ಎದುರುಬದಿಗೆ, ನನಗಿಂತ ನಾಲ್ಕು ಬಾಗಿಲು ಮುಂದೆ. ಅಲ್ಲಿಯೂ ಮುಂದೆ.

ಇಷ್ಟೆಲ್ಲ ಹಳೆಯದು ಈಗ ಎದ್ದದ್ದು ಶಾಲೆಯಿಂದ. ನಮ್ಮೂರ ಶಾಲೆಗೆ ಶಹಾಪುರದ ಕಡೆಯಿಂದ ಒಬ್ಬ ಟೀಚರಮ್ಮ ಬಂದಿದ್ದಾಳೆ. ನಾಲ್ಕನೆಯ ತರಗತಿಯ ಹುಡುಗರಿಗೆ ಎಲ್ಲೆಲ್ಲಿಯ ರಾಜರ ಹೆಸರೂ ಗೊತ್ತು, ತಮ್ಮೂರು ಮೊದಲು ಎಲ್ಲಿತ್ತು ಎಂಬುದು ಗೊತ್ತಿಲ್ಲ ಎಂದು ಅವಳಿಗೆ ಬೇಸರವಾಯಿತಂತೆ. ಅದಕ್ಕೇ ಪ್ರತಿ ಶನಿವಾರ ಮುಂಜಾನೆ ಊರಿನ ಹಿರಿಯರನ್ನು ಕರೆಸಿ ಹಳೆಯ ಊರಿನ ಸಂಗತಿ ಹೇಳಿಸುತ್ತಾಳೆ. ಹಿರಿಯರು ಅಂದರೆ ಯಾರು? ಅಕ್ಕ. ಒಂದು ಶನಿವಾರ ಅಲ್ಲ, ನಾಲ್ಕು ಶನಿವಾರ. ಇಳಕಲ್ ಸೀರೆ ಉಟ್ಟು, ಮೂಗುತಿ ತೊಳೆದು ಹಾಕಿಕೊಂಡು ನನ್ನ ಬಾಗಿಲ ಮುಂದೆಯೇ ಹೋಗುತ್ತಿದ್ದಳು. ಕರೆಯಲು ಬಂದ ಇಬ್ಬರು ಹುಡುಗಿಯರು ಅವಳ ಕೈಗೊಬ್ಬರು. ನಾನು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತದೆ ಎಲ್ಲ ನೋಡುತ್ತಿದ್ದೆ.

ನಾಲ್ಕನೆಯ ಶನಿವಾರ ನನ್ನ ಮೊಮ್ಮಗಳು ಭಾಗ್ಯ ಶಾಲೆಯಿಂದ ಕುಣಿಯುತ್ತ ಬಂದಳು.

“ಆಯಿ, ಶಾಂತಮ್ಮಾಯಿ ಸಣ್ಣಾಕಿ ಇದ್ದಾಗ ನೆಲದಾಗಿನ ಗುಂಡಿಗೆ ಇಳದಿದ್ಲಂತ! ಸಾಯಾಕಿ ಬದಕ್ಯಾಳಂತ!”

“ಹಂಗಂದ್ಲಾ?”

“ಹೂಂ. ನೀ ಏನ್ ಮಾಡ್ತಿದ್ದಿ ಆವಾಗ?”

“ಸೆಗಣಿ ಬಳೀತಿದ್ದೆ,” ಅಂದೆ. ಕೈಯಲ್ಲಿದ್ದ ಶೇಂಗಾ ಸಿಪ್ಪೆ ಸಮೇತ ಪುಡಿಯಾಗಿತ್ತು.

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಊರಿನ ಕಥೆ ಹೇಳಲಿ, ಅದು ಆಯಿ ಅವಳಿಗೆ ಕೊಟ್ಟದ್ದು. ಹಗೇವು ನನ್ನದು. ಮುಂದಿನ ಶನಿವಾರ ಯಾರೂ ಕರೆಯದೆ ನಾನೂ ಹೋದೆ. ಹುಡುಗರು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಹಳೆಯ ಊರನ್ನು ಬರೆದಿದ್ದರು. ಹೊಳೆಗೆ ನೀಲಿ ದುಪಟ್ಟಾ ಹಾಸಿದ್ದರು. ಮನೆಗೆ ಒಂದೊಂದು ಕಲ್ಲು, ಗುಡಿಗೆ ಸ್ಟೀಲ್ ಗ್ಲಾಸು, ಬಾವಿಗೆ ಬಳೆ. ಅಕ್ಕ ಕುರ್ಚಿಯ ಮೇಲೆ ಕೂತು ಕೋಲಿನಿಂದ ತೋರಿಸುತ್ತಿದ್ದಳು. ನಮ್ಮ ಮನೆಯ ಕಲ್ಲಿನ ಹಿಂದೆ, ಅಡುಗೆ ಮನೆಯ ಕಡೆಗೆ, ಹಗೇವಿಗೆಂದು ಒಂದು ಡಬ್ಬಿಯ ಮುಚ್ಚಳ ಇಟ್ಟಿದ್ದರು.

“ಬರ್ರಿ ಆಯಿ, ಕೂಡ್ರಿ,” ಟೀಚರಮ್ಮ ಅಂದಳು.

“ಕೂಡಾಕ ಬಂದಿಲ್ಲರಿ. ಆ ಮುಚ್ಚಳ ತಪ್ಪ ಇಟ್ಟಾರ. ಹಗೇವು ಹಿಂದಿಲ್ಲ, ಮುಂದ ಇತ್ತು. ದನದ ಬಾಗಲಿಂದ ಹನ್ನೆರಡ ಹೆಜ್ಜಿ.”

ಹುಡುಗರು ಅಕ್ಕನ ಮುಖ ನೋಡಿದರು. ನನ್ನ ಮಾತಿಗೂ ಅವಳ ಮುದ್ರೆ ಬೇಕು! ಅಕ್ಕ ಕೋಲು ಕೆಳಗಿಟ್ಟಳು.

“ಆಕಿ ಹೇಳಿದ್ದು ಬರಾಬರ್ ಐತಿ. ನನಗ ಮರ್ತಿತ್ತು.”

“ಮರೀದೆ ಏನ್ ಮಾಡ್ತಿ? ಶಾಂತಿ, ಹುಡುಗ್ರಿಗೆ ಖರೆ ಹೇಳು. ಹಗೇವಿಗೆ ನೀ ಎಷ್ಟ್ ಸಲ ಇಳದಿ?”

“ಒಂದ್ ಸಲ.”

“ನಾ?”

“ನೀ ಇಪ್ಪತ್ತ ಸಲ ಇಳದಿರಬೇಕು,” ಅಂದಳು. ಅವಳ ದನಿ ಏರಲಿಲ್ಲ. “ಆ ಇಪ್ಪತ್ತೂ ಸಲ ದೀಪ ನೋಡಿದಾಕಿ ನಾ.”

ಹುಡುಗರಿಗೆ ದೀಪದ ಸಂಗತಿಯನ್ನು ಅವಳು ಹಿಂದಿನ ವಾರವೇ ಹೇಳಿದ್ದಳು. ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು.

“ಶಾಂತಮ್ಮಾಯಿ, ಮತ್ತ ನೀವು ಇಳದಾಗ ದೀಪ ಯಾರ್ ನೋಡಿದ್ರು?”

ಅಕ್ಕ ನನ್ನನ್ನು ನೋಡಿದಳು. ಎಲೆಯಡಿಕೆಯ ಚೀಲ ಬಿಚ್ಚಿದಳು, ಕಟ್ಟಿದಳು. ನನ್ನ ಹೆಸರು ಹೇಳಲಿಲ್ಲ. ಆಗ ನನಗೆ ತಿಳಿಯಿತು. ಇವಳಿಗೆ ಗೊತ್ತಿದೆ, ಅಂದಿನಿಂದಲೂ ಗೊತ್ತಿದೆ. ಕಂದೀಲಿಗೆ ತನ್ನ ಕಾಲು ತಾಗಲಿಲ್ಲ ಎಂಬುದು ಅವಳಿಗೆ ತಿಳಿಯದೇ? ಈಗ ಎಲ್ಲರ ಮುಂದೆ ನನ್ನನ್ನು ಉಳಿಸಿ ದೊಡ್ಡವಳಾಗುತ್ತಿದ್ದಾಳೆ. ಪಾಟಿ ಅವಳದು, ಕಥೆ ಅವಳದು, ಶನಿವಾರ ಅವಳದು, ಇನ್ನು ದೊಡ್ಡತನವೂ ಅವಳದೇ ಆಗಬೇಕೇ? ನನಗೆ ಸಹಿಸಲಾಗಲಿಲ್ಲ.

“ನಾ ನೋಡಿದ್ದೆ,” ಅಂದೆ. “ದೀಪ ಆರಿತ್ತು. ಐತಿ ಅಂತ ಹೇಳಿದೆ.”

“ಯಾಕ್ರಿ ಆಯಿ?”

“ಹೊಟ್ಟಿಕಿಚ್ಚಿಗೆ. ಇಳದಾಕಿಗೆ ಬೆಲ್ಲದ ರೊಟ್ಟಿ ಕೊಡ್ತಿದ್ರು. ಅದು ನಂದು. ಆಕಿ ತಿನ್ನೂದು ನನಗ ಬ್ಯಾಡಾಗಿತ್ತು.”

ಇಂಥದ್ದಕ್ಕೆ ಟೀಚರಮ್ಮನ ಪುಸ್ತಕದಲ್ಲಿ ಪಾಠ ಇಲ್ಲ. ಹುಡುಗರು ಮಾತ್ರ ಬೆದರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಭಾಗ್ಯಳೇ ಕೇಳಿದಳು.

“ಮತ್ತ ಆವತ್ತ ರೊಟ್ಟಿ ಯಾರ್ ತಿಂದ್ರು?”

ಇದನ್ನು ಬರೆಯಬಾರದೆಂದಿದ್ದೆ. ಮೇಲೆ ಬಿಟ್ಟೂ ಬಂದಿದ್ದೆ. ಆದರೆ ಮೂವತ್ತು ಹುಡುಗರ ಮುಂದೆ ಅಕ್ಕ ಹೇಳಿಯಾಯಿತು.

“ಆವತ್ತ ಹಗೇವಿನ ಜೋಳ ಬರಲಿಲ್ಲ. ಆದ್ರೂ ಇಳದಾಕಿ ಇಳದಾಳ ಅಂತ ನಮ್ಮ ಆಯಿ ಡಬ್ಬಿಯಾಗಿನ ಹಿಟ್ಟಲೇ ಒಂದ್ ರೊಟ್ಟಿ ಬಡದು, ತುಪ್ಪ ಬೆಲ್ಲ ಹಾಕಿ ನನ್ನ ತಲಿಕಡಿ ಇಟ್ಟಿದ್ಲು. ನನಗ ತಲಿ ಎತ್ತಾಕ ಆಗ್ತಿರಲಿಲ್ಲ. ಈಕಿ ಬಂದ್ಲು, ಕುಂತ್ಲು, ಪೂರಾ ತಿಂದ್ಲು. ನಾ ಮಲಗೀನಿ ಅಂತ ತಿಳಕೊಂಡಿದ್ಲು. ಬೆರಳ ಸೈತ ನೆಕ್ಕಿದ್ಲು.”

ಹುಡುಗರು ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಬಾಯಲ್ಲಿ ಆ ಬೆಲ್ಲದ ರುಚಿ ಬಂತು, ಸುಳ್ಳು ಯಾಕೆ ಹೇಳಲಿ. ಒಳ್ಳೆಯ ರೊಟ್ಟಿ ಅದು. ನಾನು ಮುಂದೆ ಹೋಗಿ, ಸುಣ್ಣದ ಗೆರೆ ದಾಟಿ, ಡಬ್ಬಿಯ ಮುಚ್ಚಳವನ್ನು ಮನೆಯ ಕಲ್ಲಿನ ಮುಂದೆ ತಂದಿಟ್ಟೆ. ಇಟ್ಟು ನೋಡಿದೆ, ಇನ್ನೊಂದು ಬೆರಳು ಎಡಕ್ಕೆ ಸರಿಸಿದೆ. ಈಗ ಸರಿಯಾಗಿತ್ತು.

ಮನೆಗೆ ಬರುವಾಗ ಇಬ್ಬರೂ ಒಟ್ಟಿಗೆ ನಡೆದೆವು. ಬೇರೆ ದಾರಿ ಇರಲಿಲ್ಲ.

“ಗೊತ್ತಿದ್ದೂ ಅಪ್ಪನ ಮುಂದ ಯಾಕ ಹೇಳಲಿಲ್ಲ?” ಕೇಳಿದೆ.

“ಹೇಳಿದ್ರ ನಿನ್ನ ಹಗೇವಿನ ಹತ್ರ ಬಿಡ್ತಿದ್ರೇನ? ಆಮ್ಯಾಲ ಇಳ್ಯಾಕಿ ಯಾರು? ನಾನ!” ಅಂದಳು. “ನನಗ ಜೀವದ ಮ್ಯಾಲ ಆಸೆ ಇರಲಿಲ್ಲೇನ, ಹುಚ್ಚಿ.”

ಅದನ್ನು ಕೇಳಿ ನನಗೆ ಅವಳ ಮೇಲೆ ಬಹಳ ದಿನಗಳ ಮೇಲೆ ಸ್ವಲ್ಪ ಪ್ರೀತಿ ಬಂತು. ದೊಡ್ಡತನ ಅಲ್ಲ, ಲೆಕ್ಕಾಚಾರ. ಅಂಥ ಅಕ್ಕನ ಜೊತೆ ನಡೆಯಬಹುದು. ನನ್ನ ಬಾಗಿಲು ದಾಟಿ ಅವಳ ಬಾಗಿಲು ಬರುವವರೆಗೆ ನಡೆದೆ. ನಾಲ್ಕನೆಯ ಕಡೆ ಹೂತ ಗಡಿಗೆಯಲ್ಲಿ ಜೋಳ ಏನಾಗಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ ಎಂಬುದು ಅವಳಿಗೆ ಯಾಕೆ ತಿಳಿಯಬೇಕು?

ಸೋಮವಾರ ಟೀಚರಮ್ಮ ಹುಡುಗರಿಂದ ಒಂದು ದೊಡ್ಡ ಹಾಳೆಯ ಮೇಲೆ ಹಳೆಯ ಊರಿನ ನಕ್ಷೆ ಬರೆಸಿ, ಒಂದೊಂದು ಮನೆಯ ಕೆಳಗೆ ಎರಡೆರಡು ಸಾಲು ಬರೆಸಿ ಶಾಲೆಯ ಗೋಡೆಗೆ ಹಚ್ಚಿದಳು. ನಮ್ಮ ಮನೆಯದು ಭಾಗ್ಯ ಬರೆದದ್ದು. ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಹಗೇವು ಇರಬೇಕಾದ ಜಾಗದಲ್ಲೇ ಇತ್ತು, ಕಪ್ಪಗೆ, ಗುಂಡಗೆ. ಕೆಳಗಿನದನ್ನು ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ‘ಶಾಂತಮ್ಮಾಯಿ ಈ ಹಗೇವಿಗೆ ಒಂದು ಸಲ ಇಳಿದರು. ನಮ್ಮ ಹಣಮವ್ವಾಯಿ ಇಪ್ಪತ್ತು ಸಲ ಇಳಿದರು.’

“ಬರಾಬರ್ ಐತಿಲ್ಲ ಆಯಿ?” ಭಾಗ್ಯ ಕೇಳಿದಳು.

“ಐತಿ,” ಅಂದೆ.

ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಮೊದಲ ಸಾಲು ಅಕ್ಕನದು.